ಹಿರಿಯರ ಪಾಲಿಸಿಯನ್ನು ಒಮ್ಮೆ ಓದಿ ಹೇಳಿ

ಈ ವಾರ ಔಷಧಿಯ ಮಾತಲ್ಲ, ಕಾಗದದ ಮಾತು.

ನಿಮ್ಮ ಬಿಲ್ಡಿಂಗಿನಲ್ಲೋ ಚಾಳಿನಲ್ಲೋ ಇಂಥ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಚಿಕ್ಕಂದಿನಲ್ಲೇ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತವರು. ಈಗ ಮಗ ದುಬೈಯಿಂದ ಆನ್‌ಲೈನಿನಲ್ಲಿ ಪ್ರೀಮಿಯಂ ಕಟ್ಟುತ್ತಾನೆ, ಪಾಲಿಸಿ ಇಂಗ್ಲಿಷಿನಲ್ಲಿ ಮಗನ ಇಮೇಲಿಗೇ ಹೋಗುತ್ತದೆ. ಕೇಳಿದರೆ "ಇನ್ಶೂರೆನ್ಸ್ ಉಂಟು ಮಾರಾಯ್ರೆ" ಎನ್ನುತ್ತಾರೆ. ಅದರೊಳಗೆ ಏನುಂಟು ಎಂದು ಮಗನನ್ನು ಕೇಳಲು ಸಂಕೋಚ.

ಭಾನುವಾರ ಒಂದು ಗಂಟೆ ಅವರ ಪಕ್ಕದಲ್ಲಿ ಕೂತು ಓದಿ ಹೇಳಿ. ಇದಕ್ಕೆ ಡಾಕ್ಟರೋ ವಕೀಲರೋ ಆಗಬೇಕಿಲ್ಲ.

ಮೊದಲು ಹುಡುಕಬೇಕಾದದ್ದು ರೂಮಿನ ಬಾಡಿಗೆಯ ಮಿತಿ. ಮೂರು ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ. 1 ಎಂದಿದ್ದರೆ 3,000 ರೂಪಾಯಿ. ಆರು ಸಾವಿರದ ರೂಮು ಹಿಡಿದರೆ ಉಳಿದ ಮೂರು ಸಾವಿರ ನಮ್ಮ ಕೈಯಿಂದ, ಅಷ್ಟೇ ಎಂದು ಎಲ್ಲರೂ ಎಣಿಸುತ್ತಾರೆ. ಅಲ್ಲ! ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಸರ್ಜನ್ ಫೀಸು, ಆಪರೇಷನ್ ಥಿಯೇಟರಿನ ಖರ್ಚೂ ಅದೇ ಪ್ರಮಾಣದಲ್ಲಿ ಅರ್ಧವಾಗುತ್ತದೆ. ಅವು ಒಂದು ಲಕ್ಷವಾದರೆ ಸಿಗುವುದು ಐವತ್ತು ಸಾವಿರ. ಔಷಧಿ, ಇಂಪ್ಲಾಂಟಿನ ಹಣಕ್ಕೆ ಈ ಕತ್ತರಿ ಇಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ "ಯಾವ ರೂಮು?" ಎಂದು ಕೇಳುವ ಹೊತ್ತಿಗೆ ಈ ಒಂದು ಸಾಲು ಗೊತ್ತಿದ್ದರೆ ಸಾಕು, ಅರ್ಧ ಸಂಕಟ ತಪ್ಪುತ್ತದೆ.

ಎರಡನೆಯದು ಬಿಪಿ, ಶುಗರ್. ಫಾರ್ಮಿನಲ್ಲಿ ಬರೆದಿದ್ದಾರೋ ಇಲ್ಲವೋ ನೋಡಿ. ಏಜೆಂಟ್ "ಬೇಡ ಬಿಡಿ ಅಜ್ಜ" ಎಂದು ಖಾಲಿ ಬಿಟ್ಟಿದ್ದರೆ ಕ್ಲೈಮಿನ ದಿನ ಅದೇ ಕುತ್ತು. 2024ರ ಏಪ್ರಿಲ್‌ನಿಂದ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. ಹಾಗಾಗಿ ಮುಚ್ಚಿಟ್ಟು ಲಾಭವೂ ಇಲ್ಲ.

ಪಾಲಿಸಿಯ ಸಾರಾಂಶವಾಗಿ ಗ್ರಾಹಕ ಮಾಹಿತಿ ಪತ್ರ ಎಂಬ ಚಿಕ್ಕ ಹಾಳೆ ಬರುತ್ತದೆ. ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು 2024ರ ಜನವರಿಯಿಂದ ನಿಯಮವಿದೆ. ನಾವು ಕೇಳುವುದೇ ಇಲ್ಲ.

ಎಪ್ಪತ್ತು ದಾಟಿದವರಿಗೆ ಇನ್ನೊಂದು ದಾರಿ ಇದೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಆಯುಷ್ಮಾನ್ ವಯ ವಂದನಾ ಕಾರ್ಡ್. ಆದಾಯ ಎಷ್ಟೇ ಇರಲಿ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆ. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಆ ಐದು ಲಕ್ಷ ಇಬ್ಬರಿಗೂ ಸೇರಿ. ಖಾಸಗಿ ಪಾಲಿಸಿ ಇದ್ದವರಿಗೂ ಸಿಗುತ್ತದೆ, ಹಳೆಯ ಕಾಯಿಲೆಗೆ ಕಾಯಬೇಕಿಲ್ಲ. ಆದರೆ ಅಡ್ಮಿಟ್ ಆದರೆ ಮಾತ್ರ, ಅದೂ ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ. ಮುಂಬಯಿಯ ದೊಡ್ಡ ಹೆಸರಿನ ಆಸ್ಪತ್ರೆ ಎಂದ ಮಾತ್ರಕ್ಕೆ ಸೇರಿರುತ್ತದೆ ಎಂದಲ್ಲ. ಸಹಾಯವಾಣಿ 14555ಕ್ಕೆ ಮೊದಲೇ ಕೇಳಿ. ಕಾರ್ಡಿಗೆ ಆಧಾರ್ ಸಾಕು. ಓಟಿಪಿ ಬಂದಾಗ ಅಜ್ಜಿಯೇ ಓದಿ ಹಾಕಲಿ, ಅವರ ಫೋನನ್ನು ನಾವು ಕೈಗೆ ತೆಗೆದುಕೊಳ್ಳುವುದು ಬೇಡ.

ಸೇವೆಗೆ ಬರುವವರು ಯಾವ ಕಂಪನಿಯ ಪಾಲಿಸಿಯನ್ನೂ ಮಾರಬಾರದು. ಈ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಕಮಿಷನ್ ನುಸುಳಿದ ಕಡೆ ಹಿರಿಯರ ನಂಬಿಕೆ ಉಳಿಯದು.

ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಮಾಟುಂಗದ ಮೈಸೂರು ಅಸೋಸಿಯೇಷನ್, ಹೀಗೆ ನಾವು ಸೇರಲು ಜಾಗಗಳಿಗೆ ಬರವಿಲ್ಲ. ಸಂಘದ ಮುಂದಿನ ಕಣ್ಣಿನ ತಪಾಸಣೆ ಶಿಬಿರದಲ್ಲಿ ಮೂಲೆಯೊಂದರಲ್ಲಿ ಮೇಜು, ಎರಡು ಕುರ್ಚಿ, ಒಂದು ಭೂತಗನ್ನಡಿ ಇಡಿಸಿ. ತುಳು ಬಲ್ಲವರೊಬ್ಬರು ಕೂತರೆ ಇನ್ನೂ ಒಳ್ಳೆಯದು. ಪಾಲಿಸಿ ನಂಬರು, ರಿನ್ಯೂವಲ್ ತಾರೀಕು, ರೂಮಿನ ಮಿತಿ, ಕ್ಯಾಶ್‌ಲೆಸ್‌ಗೆ ಫೋನ್ ಮಾಡುವ ನಂಬರು ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಕೊಡಿ. ಕಪಾಟಿನ ಬಾಗಿಲ ಒಳಗೆ ಅಂಟಿಸಿಕೊಳ್ಳಲಿ.

ಕ್ಲೈಮ್ ತಿರಸ್ಕಾರವಾದವರೂ ಬಂದಾರು. ಮೊದಲು ಕಂಪನಿಗೆ ಲಿಖಿತ ದೂರು ಬರೆಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಬಳಿ ಹೋಗಬಹುದು. 50 ಲಕ್ಷದವರೆಗಿನ ದೂರನ್ನು ಅಲ್ಲಿ ಕೇಳುತ್ತಾರೆ. ಫೀಸಿಲ್ಲ, ವಕೀಲರು ಬೇಡ. ಮುಂಬಯಿಯ ಕಚೇರಿ ಸಾಂತಾಕ್ರೂಜ್ ಪಶ್ಚಿಮದ ಎಸ್.ವಿ. ರೋಡಿನಲ್ಲಿದೆ. ಠಾಣೆ, ನವಿಮುಂಬಯಿಯವರಿಗೆ ಕಚೇರಿ ಬೇರೆ. ಅರ್ಜಿ ಬರೆಯಲು ಜತೆಗೊಬ್ಬರು ಹೋಗಿ.