ಕೊರಟಗೆರೆಗೆ ಎಷ್ಟು ಅಕ್ಷರ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿನ ಜೊತೆಗೆ ಮಧುಗಿರಿಗೂ ಬೇರೆಯೇ ಸಾಲು ಇರುವುದು ಅದಕ್ಕೇ. ಅಂಕಪಟ್ಟಿಯಿರಲಿ, ಪಹಣಿಯಿರಲಿ, ಈ ಹೆಸರುಗಳು ಈಗ ಕಂಪ್ಯೂಟರಿನ ಮೂಲಕವೇ ಹಾದು ಬರುತ್ತವೆ. ಅಂಥ ಯಾವುದೋ ತಂತ್ರಾಂಶದಲ್ಲಿ ಹೆಸರು ಕೆಟ್ಟು ಬಂದರೆ ಪ್ರೋಗ್ರಾಮರ್ ಡಿಬಗರ್ ತೆರೆಯುತ್ತಾರೆ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, ಆ ಕ್ಷಣಕ್ಕೆ ಮೆಮೊರಿಯಲ್ಲಿ ಏನಿದೆ ಎಂದು ತೋರಿಸುವ ಸಾಧನ ಅದು. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಇವುಗಳಲ್ಲಿ ಹೆಸರುವಾಸಿ.

ಡಿಬಗರ್ ಕೂಡ ಒಂದು ಪ್ರೋಗ್ರಾಮೇ, ಅದರಲ್ಲೂ ದೋಷಗಳಿರುತ್ತವೆ. ಅವನ್ನು ತಿದ್ದಲು ಕುಳಿತವರಿಗೆ ಹೊಸದಾಗಿ ಬರೆಯುವ ಕೆಲಸ ಕಡಿಮೆ. ಒಂದೇ ಕೆಲಸದಂತೆ ಕಾಣುವ ಎರಡು ಮೂರು ಒಳ ಫಂಕ್ಷನ್‌ಗಳು ಆಗಲೇ ಇರುತ್ತವೆ. ಯಾವುದನ್ನು ಕರೆಯಬೇಕು ಎನ್ನುವಲ್ಲೇ ತಲೆಬಿಸಿ.

ಸಿ ಭಾಷೆಯ ‘ಇಸ್‌ಪ್ರಿಂಟ್’ ಮತ್ತು ‘ಇಸ್‌ಡಬ್ಲ್ಯೂಪ್ರಿಂಟ್’ ಫಂಕ್ಷನ್‌ಗಳನ್ನೇ ನೋಡಿ. ‘ಇದನ್ನು ತೆರೆಯ ಮೇಲೆ ಮೂಡಿಸಬಹುದೇ?’ ಎಂಬ ಪ್ರಶ್ನೆಗೇ ಎರಡೂ ಉತ್ತರ ಹೇಳುತ್ತವೆ. ಮೊದಲನೆಯದು ಒಂದೊಂದೇ ಬೈಟನ್ನು ನೋಡುತ್ತದೆ, ಎರಡನೆಯದು ಒಂದು ಅಕ್ಷರಕ್ಕೋ ಸ್ವರಚಿಹ್ನೆಗೋ ಕೊಟ್ಟಿರುವ ಇಡೀ ಸಂಕೇತವನ್ನು. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ‘ಮ’ ಎಂದರೆ 340, 262, 256 ಎಂಬ ಮೂರು ಅಷ್ಟಮಾನ ಸಂಖ್ಯೆಗಳು. ಬಿಡಿಯಾಗಿ ನೋಡಿದರೆ ಅವುಗಳಲ್ಲಿ ಒಂದಕ್ಕೂ ಅರ್ಥವಿಲ್ಲ. ಹಾಗಾಗಿ ಇಸ್‌ಪ್ರಿಂಟ್ ಮೂರನ್ನೂ ತಳ್ಳಿಹಾಕುತ್ತದೆ, ‘ಮಧುಗಿರಿ’ ಇರಬೇಕಾದಲ್ಲಿ ಅಂಕಿಗಳ ಸಾಲು ಕಾಣುತ್ತದೆ. ಜಿಡಿಬಿ ಮೊದಲು ಬೈಟುಗಳನ್ನು ಕೂಡಿಸಿ ಸಂಕೇತವಾಗಿಸಿಕೊಂಡು, ಆಮೇಲೆ ಇಸ್‌ಡಬ್ಲ್ಯೂಪ್ರಿಂಟನ್ನು ಕೇಳುತ್ತದೆ. (ಆದರೂ ಭಾಷೆಯ ಸೆಟ್ಟಿಂಗ್, ಅಂದರೆ ಲೊಕೇಲ್, ‘ಸಿ’ ಎಂದಿರುವ ಸರ್ವರ್‌ಗಳಲ್ಲಿ ಅಂಕಿಗಳೇ ಬರುತ್ತವೆ. ಕನ್ನಡದ ಡೇಟಾ ಹಾಳಾಗಿದೆ ಎಂದು ಗಾಬರಿಪಡುವ ಮುನ್ನ ಆ ಸೆಟ್ಟಿಂಗ್ ನೋಡುವುದು ಒಳ್ಳೆಯದು.)

ಅಳತೆಯ ವಿಷಯ ಇನ್ನೂ ತೊಡಕಿನದು. ‘ಮಧುಗಿರಿ’ ಎಂದು ಬರೆಯುವವರಿಗೆ ಅದರಲ್ಲಿ 4 ಅಕ್ಷರ. ಯೂನಿಕೋಡ್ ಕೊಂಬು, ಗುಡಿಸುಗಳನ್ನು ಬೇರೆ ಎಣಿಸುವುದರಿಂದ ಅದಕ್ಕೆ 7 ಸಂಕೇತ. ಮೆಮೊರಿಯಲ್ಲಿ 21 ಬೈಟ್. ನಾಲ್ಕೂ ಹೆಸರು ಸೇರಿದರೆ 15 ಅಕ್ಷರ, 24 ಸಂಕೇತ, 72 ಬೈಟ್. ಮೂರು ಲೆಕ್ಕವೂ ಸರಿ. ಜಾಗ ಕಾದಿರಿಸಲು ಬೈಟ್ ಲೆಕ್ಕವೇ ಬೇಕು, ಕರ್ಸರ್ ಸರಿಸಲು ಅಕ್ಷರದ ಲೆಕ್ಕ. ಜಿಡಿಬಿ ಉದ್ದನೆಯ ಪಠ್ಯವನ್ನು ಸಾಮಾನ್ಯವಾಗಿ 200 ಘಟಕಕ್ಕೆ ನಿಲ್ಲಿಸುತ್ತದೆ. ಮಾಮೂಲಿ ಸಿ ಪಠ್ಯದಲ್ಲಿ ಘಟಕ ಎಂದರೆ ಬೈಟ್. 200 ಮೂರರಿಂದ ಭಾಗವಾಗದು. ಬರೀ ಕನ್ನಡವಿದ್ದರೆ 66 ಸಂಕೇತ ಮುಗಿದು ಎರಡು ಬೈಟ್ ಅನಾಥವಾಗಿ ಉಳಿಯುತ್ತವೆ. ಅಂಥ ತುಂಡನ್ನು ಜಿಡಿಬಿ ‘ಅಪೂರ್ಣ ಸರಣಿ’ ಎಂಬ ಅರ್ಥದ ಷರಾ ಹಾಕಿ ತೋರಿಸುತ್ತದೆ. ಮಿತಿಯನ್ನು ಬೈಟಿನಲ್ಲಿ ಎಣಿಸಿದರೂ ಕತ್ತರಿಸುವಾಗ ಸಂಕೇತದ ಗಡಿಗೆ ಹಿಂದೆ ಸರಿಯುವ ಫಂಕ್ಷನ್ ಬಳಸಿದರೆ ಈ ತುಂಡು ಉಳಿಯುವುದಿಲ್ಲ.

ನಿಜವಾದ ಪರೀಕ್ಷೆ ಇರುವುದು ಕೊರಟಗೆರೆಯಲ್ಲಿ. ಅದರ ಮೊದಲ ಅಕ್ಷರ ‘ಕೊ’ವನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ‘ಕ’ದ ಮುಂದೆ ಒ-ಸ್ವರದ ಒಂದೇ ಚಿಹ್ನೆ ಇಡುವುದು ಒಂದು ಬಗೆ, ಎ-ಸ್ವರದ ಚಿಹ್ನೆ ಮತ್ತು ಊ-ಸ್ವರದ ಚಿಹ್ನೆ ಎರಡನ್ನೂ ಒಂದರ ಹಿಂದೊಂದು ಇಡುವುದು ಇನ್ನೊಂದು. ತೆರೆಯ ಮೇಲೆ ಎರಡೂ ಒಂದೇ ರೂಪ. ಮೆಮೊರಿಯಲ್ಲಿ ಇಡೀ ಹೆಸರು ಮೊದಲ ಬಗೆಯಲ್ಲಿ 24 ಬೈಟ್, ಎರಡನೆಯದರಲ್ಲಿ 27. ಹೋಲಿಸುವ ಸಾಮಾನ್ಯ ಫಂಕ್ಷನ್‌ಗೆ ಇವು ಎರಡು ಬೇರೆ ಊರು. ಒಂದು ರೂಪದಲ್ಲಿ ಹುಡುಕಿದರೆ ಇನ್ನೊಂದರಲ್ಲಿರುವ ದಾಖಲೆ ಸಿಗುವುದಿಲ್ಲ.

ಇಲ್ಲಿ ಡಿಬಗರ್ ತಿದ್ದುವವರಿಗೆ ಒಂದು ಆಸೆ ಹುಟ್ಟುತ್ತದೆ. ಎರಡು ರೂಪವನ್ನೂ ಒಂದೇ ಮಾಡುವ ‘ನಾರ್ಮಲೈಸ್’ ಫಂಕ್ಷನ್ ಕೈಗೆಟುಕುವಷ್ಟು ಹತ್ತಿರದಲ್ಲಿದೆ, ತೋರಿಸುವ ಮುನ್ನ ಅದನ್ನು ಕರೆದರಾಯಿತಲ್ಲ ಎಂದು. ಹುಡುಕಾಟದ ತಂತ್ರಾಂಶದಲ್ಲಿ ಅದೇ ಸರಿಯಾದ ದಾರಿ. ಡಿಬಗರಿನಲ್ಲಿ ಅದು ದೊಡ್ಡ ತಪ್ಪು. ದಾಖಲೆ ಏಕೆ ಸಿಗುತ್ತಿಲ್ಲ ಎಂದು ತಡಕಾಡುತ್ತಿರುವ ಪ್ರೋಗ್ರಾಮರಿಗೆ ಆ ಮೂರು ಹೆಚ್ಚುವರಿ ಬೈಟುಗಳೇ ಏಕೈಕ ಸುಳಿವು. ಡಿಬಗರ್ ಹೆಸರನ್ನು ಅಂದಗೊಳಿಸಿ ತೋರಿಸಿದರೆ ಸುಳಿವು ಅಳಿಸಿಹೋಗುತ್ತದೆ, ಎರಡರ ಉದ್ದವೂ 24 ಎಂದು ಕಾಣುತ್ತದೆ. ಓದಲು ಬರುವಂತೆ ಕನ್ನಡ ಮೂಡಿಸುವ ಫಂಕ್ಷನ್ ಇರಲಿ, ಆದರೆ ಅದು ಮೆಮೊರಿಯಲ್ಲಿ ಇದ್ದುದನ್ನು ಇದ್ದ ಹಾಗೆಯೇ ಮೂಡಿಸಬೇಕು. ಉದ್ದ ಕೇಳಿದಾಗ ನಿಜವಾದ ಬೈಟ್ ಸಂಖ್ಯೆ ಹೇಳಬೇಕು. ಅನುಮಾನ ಬಂದವರು ಜಿಡಿಬಿಯ ‘ಎಕ್ಸ್’ ಆದೇಶ ಕೊಟ್ಟು ಒಂದೊಂದು ಬೈಟನ್ನೂ ನೋಡಬಹುದು.

ಇಂಥ ದುರಸ್ತಿಯ ಜೊತೆಗೆ ಪರೀಕ್ಷೆಗಳನ್ನೂ ಸೇರಿಸುವುದು ವಾಡಿಕೆ. ಇಂಗ್ಲಿಷ್ ಪದಗಳಷ್ಟೇ ಇರುವ ಪರೀಕ್ಷೆಯಲ್ಲಿ ಬೈಟ್, ಸಂಕೇತ, ಅಕ್ಷರ ಮೂರೂ ಒಂದೇ ಸಂಖ್ಯೆಯಾಗುವುದರಿಂದ ತಪ್ಪು ಫಂಕ್ಷನ್ ಕೂಡ ಪಾಸಾಗುತ್ತದೆ. ಕೊರಟಗೆರೆಯ ಎರಡೂ ರೂಪ, ಜೊತೆಗೆ 199, 200, 201 ಬೈಟಿಗೆ ಸರಿಯಾಗಿ ಮುಗಿಯುವ ಕನ್ನಡದ ಸಾಲುಗಳನ್ನು ಕೊಟ್ಟು ನೋಡಿದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ.