ಪರದೇಶದ ವ್ಯವಹಾರ ಶಾಲೆಗೆ ಅರ್ಜಿ ಹಾಕುವವರಿಗೆ

ನಿಮ್ಮ ಮನೆಯ ಮಗನೋ ಮಗಳೋ ಪದವಿ ಮುಗಿಸಿ, ಮೂರು ನಾಲ್ಕು ವರ್ಷ ಕೆಲಸ ಮಾಡಿ, ಈಗ ಅಮೆರಿಕದಲ್ಲಿ ಎಂ.ಬಿ.ಎ. ಓದಬೇಕೆಂದು ಹೊರಟಿರಬಹುದು, ಅಥವಾ ಹೊರಟವರು ನೀವೇ ಇರಬಹುದು. ಅಂಕಪಟ್ಟಿ ಚೆನ್ನಾಗಿದೆ, ಸಾಲಕ್ಕೆ ಬ್ಯಾಂಕಿನಲ್ಲಿ ವಿಚಾರಿಸಿಯೂ ಆಗಿದೆ. ಆದರೆ ಅರ್ಜಿಗೆ ಬಲ ತರುವುದು ಹೇಗೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಗೊಂದಲವನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಅಲ್ಲಿ ಪಾಠ ನಡೆಯುವ ಕ್ರಮವನ್ನು ತಿಳಿಯುವುದು ಒಳ್ಳೆಯದು. 1908ರಲ್ಲಿ ಆರಂಭವಾದ ಹಾರ್ವರ್ಡಿನ ವ್ಯವಹಾರ ಶಾಲೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಅಧ್ಯಾಪಕರು ಉಪನ್ಯಾಸ ಕೊಡುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಾರೆ. ಯಾವುದೋ ಸಂಸ್ಥೆಗೆ ಒದಗಿದ ಇಕ್ಕಟ್ಟಿನ ವಿವರವನ್ನು ಮೊದಲೇ ಓದಿಕೊಂಡು ಬಂದ ಸುಮಾರು 90 ಮಂದಿ, 'ಆ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ' ಎಂದು ಚರ್ಚಿಸುತ್ತಾರೆ. ಒಬ್ಬರ ಅನುಭವ ಇನ್ನೊಬ್ಬರಿಗೆ ಪಾಠ. ಆದುದರಿಂದ ಅರ್ಜಿ ಓದುವವರು ತಿಳಿಯಬಯಸುವುದು ಇಷ್ಟೇ: ಈ ವ್ಯಕ್ತಿ ಮಾಡಿದ್ದೇನು, ಅದರಿಂದ ಕಲಿತದ್ದೇನು?

ಪ್ರವೇಶ ಪರೀಕ್ಷೆಯೂ ಮುಖ್ಯವೇ. ಜಿಮ್ಯಾಟ್ ಪರೀಕ್ಷೆ 1954ರಿಂದ ನಡೆದುಬಂದಿದೆ. 2023ರಲ್ಲಿ ಅದಕ್ಕೆ ಹೊಸ ರೂಪ ಬಂತು: ಗಣಿತ, ಭಾಷೆ, ಅಂಕಿ ಅಂಶಗಳ ವಿಶ್ಲೇಷಣೆ ಎಂಬ ಮೂರು ಭಾಗಗಳು, 205ರಿಂದ 805ರವರೆಗೆ ಅಂಕ. ಇದರ ಬದಲು ಜಿ.ಆರ್.ಇ. ಪರೀಕ್ಷೆಯನ್ನು ಒಪ್ಪುವ ಶಾಲೆಗಳೂ ಅನೇಕ. ಕಾಲೇಜಿನಲ್ಲಿ ಗಣಿತ ಓದದವರಿಗೆ ಇಲ್ಲಿನ ಒಳ್ಳೆಯ ಅಂಕ ಆಸರೆಯಾದೀತು. ಆದರೆ ಅಂಕ ಬಾಗಿಲವರೆಗೆ ಕರೆತಂದೀತೇ ಹೊರತು ಒಳಗೆ ಕೂರಿಸಲಾರದು.

ನಿಜವಾದ ಬಲ ಬರುವುದು ಪ್ರಬಂಧಗಳಿಂದ. 2024ರಲ್ಲಿ ಹಾರ್ವರ್ಡ್ ಕೇಳಿದ್ದು ಮೂರು ಕಿರುಪ್ರಬಂಧ. ಒಂದಕ್ಕೆ 300 ಪದಗಳ ಮಿತಿ, ಉಳಿದೆರಡಕ್ಕೆ 250. ಇಷ್ಟು ಚಿಕ್ಕ ಜಾಗದಲ್ಲಿ 'ನಾನು ಶ್ರಮಜೀವಿ, ನಾಯಕತ್ವದ ಗುಣವುಳ್ಳವಳು' ಎಂದು ಬರೆದರೆ ಓದುವವರಿಗೆ ಏನೂ ತಿಳಿಯದು. ದಾವಣಗೆರೆಯ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಬರೆಯುತ್ತಾಳೆಂದು ಇಟ್ಟುಕೊಳ್ಳಿ: 'ಲಾರಿಗಳು ಚೀಟಿಗಾಗಿ ಗೇಟಿನಲ್ಲಿ ಅರ್ಧ ದಿನ ಕಾಯುತ್ತಿದ್ದವು. ಹಿಂದಿನ ಸಂಜೆಯೇ ಚೀಟಿ ಬರೆದಿಡುವ ಏರ್ಪಾಡು ಮಾಡಿದೆ. ರಾತ್ರಿ ದಾಸ್ತಾನು ಬದಲಾದರೆ ಲೆಕ್ಕ ತಪ್ಪುತ್ತದೆಂದು ಉಗ್ರಾಣದ ಹಿರಿಯ ಗುಮಾಸ್ತರು ಒಪ್ಪಲಿಲ್ಲ. ಅವರ ಮಾತೇ ಸರಿಯಾಯಿತು. ಅವರೊಂದಿಗೆ ಕುಳಿತು ಕ್ರಮವನ್ನು ತಿದ್ದಿದೆ. ಈಗ ಲಾರಿಗಳು ಒಂದು ಗಂಟೆಯಲ್ಲಿ ಹೊರಡುತ್ತವೆ.' ಇಲ್ಲಿ ಶ್ರಮ, ನಾಯಕತ್ವ, ತಪ್ಪನ್ನು ಒಪ್ಪುವ ಗುಣ ಮೂರೂ ಹೇಳದೆಯೇ ಕಾಣುತ್ತವೆ. ಇದಕ್ಕೆ ದೊಡ್ಡ ಹುದ್ದೆ ಬೇಕಿಲ್ಲ.

ಶಿಫಾರಸು ಪತ್ರಕ್ಕಾಗಿ ದೊಡ್ಡ ಹೆಸರಿನವರ ಮನೆಗೆ ಅಲೆಯುವವರುಂಟು. ಅದರಿಂದ ಪ್ರಯೋಜನ ಕಡಿಮೆ. ಪತ್ರ ಬರೆಯುವವರನ್ನು ಶಾಲೆಗಳು ಕೇಳುವುದು ಇಂಥ ಪ್ರಶ್ನೆಗಳನ್ನು: ಜೊತೆಯವರೊಂದಿಗೆ ಹೋಲಿಸಿದರೆ ಇವರ ಕೆಲಸ ಹೇಗೆ? ನೀವು ಹೇಳಿದ ತಿದ್ದುಪಾಟನ್ನು ಇವರು ಹೇಗೆ ತೆಗೆದುಕೊಂಡರು? ದಿನವೂ ಕೆಲಸ ಕಂಡ ಮೇಲಧಿಕಾರಿಗಲ್ಲದೆ ಬೇರೆ ಯಾರಿಗೆ ಇದಕ್ಕೆ ಉತ್ತರ ಗೊತ್ತು? ಅವರಿಗೆ ಎರಡು ತಿಂಗಳು ಮೊದಲೇ ತಿಳಿಸಿ, ಮಾಡಿದ ಕೆಲಸಗಳನ್ನು ನೆನಪಿಸಿ. ಪತ್ರವನ್ನು ಮಾತ್ರ ನೀವೇ ಬರೆದುಕೊಡಬೇಡಿ.

ಹಣ ಪಡೆದು ಪ್ರಬಂಧ ಬರೆದುಕೊಡುವವರಿದ್ದಾರೆ. ಈಗ ಕಂಪ್ಯೂಟರೂ ಬರೆದುಕೊಡುತ್ತದೆ. ಆದರೆ ಹಾರ್ವರ್ಡಿನ ಸಂದರ್ಶಕರು ನಿಮ್ಮ ಇಡೀ ಅರ್ಜಿಯನ್ನು ಓದಿಕೊಂಡೇ ಎದುರು ಕೂರುತ್ತಾರೆ. ಎರವಲು ಮಾತು ಎರಡನೆಯ ಪ್ರಶ್ನೆಗೇ ತಡವರಿಸುತ್ತದೆ. ಪ್ರವೇಶ ದೊರೆತ ಮೇಲೂ ಪರಿಶೀಲನೆ ನಡೆಯುವುದುಂಟು. ಸುಳ್ಳು ಕಂಡರೆ ಸಿಕ್ಕ ಸ್ಥಾನವೂ ತಪ್ಪೀತು. ಮನೆ ಅಡವಿಟ್ಟು ಸಾಲ ಮಾಡಿದ ತಂದೆ ತಾಯಿಗಳಿಗೆ ಅದು ಸಣ್ಣ ಪೆಟ್ಟಲ್ಲ.

ಪ್ರಮುಖ ಶಾಲೆಗಳಲ್ಲಿ ಅರ್ಜಿಯ ಮೊದಲ ಸುತ್ತು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಎರಡನೆಯದು ಜನವರಿಯಲ್ಲಿ ಮುಗಿಯುತ್ತದೆ. ಒಂದು ವರ್ಷ ಮೊದಲೇ ಸಿದ್ಧತೆ ತೊಡಗಿಸಿ. ಇಂದು ರಾತ್ರಿ ಊಟವಾದ ಮೇಲೆ ಒಂದು ನೋಟುಬುಕ್ಕು ತೆಗೆದುಕೊಳ್ಳಿ. ನಿಮ್ಮಿಂದ ಏನಾದರೂ ಬದಲಾದ ಮೂರು ಸಂದರ್ಭಗಳನ್ನು ಬರೆದು ಮನೆಯವರಿಗೆ ಓದಿ ಹೇಳಿ. 'ಆಮೇಲೆ ಏನಾಯಿತು?' ಎಂದು ಅವರು ಯಾವುದಕ್ಕೆ ಕೇಳುತ್ತಾರೋ, ನಿಮ್ಮ ಪ್ರಬಂಧ ಅಲ್ಲಿಂದ ಆರಂಭವಾಗಲಿ.