ಮಲೆನಾಡಿನ ಜೀಪುಗಳಿಗೆ ಮನೆಯಲ್ಲಿಯೇ ಮಾಡತಕ್ಕ ದುರಸ್ತಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಅಡಕೆ, ಕಾಫಿ, ಮೆಣಸುಗಳನ್ನು ಬೆಳೆಯುವವರ ಮನೆಗಳು ಹೆಚ್ಚಾಗಿ ಹಳ್ಳಗಳ ಆಚೆ, ಗುಡ್ಡಗಳ ಬುಡದಲ್ಲಿ, ಒಂದಕ್ಕೊಂದು ದೂರವಾಗಿರುವುವೆಂಬುದು ವಾಚಕರಿಗೆ ತಿಳಿದ ವಿಷಯವೇ. ಡಾಮರು ರಸ್ತೆಯಿಂದ ತೋಟದವರೆಗಿನ ಮಣ್ಣುದಾರಿಯಲ್ಲಿ ಗೊಬ್ಬರವನ್ನೂ ಫಸಲನ್ನೂ ಸಾಗಿಸುವುದು ಮಾತ್ರವಲ್ಲದೆ, ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅನೇಕ ಕಡೆಗಳಲ್ಲಿ ಜೀಪಿನ ಕೆಲಸವೇ ಆಗಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ಈ ವಾಹನವನ್ನು ೧೯೪೦ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪೆನಿಯವರು ಭಾರತದಲ್ಲಿ ಜೋಡಿಸಿ ಮಾರತೊಡಗಿದರು. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಸಲ್ಲುವುದರಿಂದ ಇದು ಕೆಸರಿಗೂ ಏರಿಗೂ ಅಂಜುವುದಿಲ್ಲ. ಆದರೆ ಒಳಹೊಕ್ಕು ನಿಂತ ನೀರು ಇದನ್ನು ಮೆಲ್ಲಮೆಲ್ಲನೆ ಕೆಡಿಸುವುದು. ಆ ನೀರನ್ನು ಕಂಡುಹಿಡಿದು ಹೊರಹಾಕುವ ಕೆಲಸವನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದು.

ಇದಕ್ಕೆ ಬೇಕಾದ ಸಾಮಾನು ಹೆಚ್ಚಲ್ಲ. ಸ್ಪ್ಯಾನರುಗಳು, ಗ್ರೀಸ್ ಗನ್ನು, ಜಾಕು, ಭಾರ ತಡೆಯುವ ಎರಡು ಉಕ್ಕಿನ ಸ್ಟ್ಯಾಂಡುಗಳು, ತಂತಿಬ್ರಷ್ಷು, ಅಗಲಬಾಯಿಯ ಒಂದು ಡಬ್ಬ, ಇಷ್ಟಿದ್ದರೆ ಸಾಕು. ವಾಹನವನ್ನು ಸಮನಾದ ಗಟ್ಟಿನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳ ಹಿಂದೆ ಮುಂದೆ ಮರದ ತುಂಡುಗಳನ್ನು ಕೊಡತಕ್ಕದ್ದು. ಹಳೆಯ ಜೀಪುಗಳಲ್ಲಿ ಹಲವುಗಳ ಕೈಬ್ರೇಕು ಚಕ್ರಗಳನ್ನು ಹಿಡಿಯದೆ ಪ್ರೊಪೆಲ್ಲರ್ ಷಾಫ್ಟನ್ನು ಹಿಡಿಯುವುದು. ಅಂತಹವುಗಳಲ್ಲಿ ಹಿಂದಿನ ಒಂದು ಚಕ್ರವನ್ನು ಎತ್ತಿದೊಡನೆ ಕೈಬ್ರೇಕಿನ ಹಿಡಿತವು ತಪ್ಪಿ, ವಾಹನವು ಉರುಳಬಹುದು. ಜಾಕಿನ ಆಧಾರದಲ್ಲಿ ಮಾತ್ರ ನಿಂತ ಜೀಪಿನ ಅಡಿಗೆ ಯಾವ ಕಾರಣಕ್ಕೂ ಹೋಗಕೂಡದು. ಸ್ಟ್ಯಾಂಡು ಕೊಟ್ಟ ಬಳಿಕವೇ ಹೋಗಬೇಕು.

ಮೊದಲು ನೋಡತಕ್ಕದ್ದು ಆಕ್ಸಲುಗಳ ಎಣ್ಣೆ. ಏರು ಹತ್ತಿ ಬಂದ ಜೀಪಿನ ಆಕ್ಸಲು ಬಿಸಿಯಾಗಿರುತ್ತದೆ. ಅದು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿಯು ಕುಗ್ಗಿ, ಹೊರಗಿನಿಂದ ಎಳೆದುಕೊಳ್ಳುವುದು. ಗಾಳಿಯಾಡುವ ಸಣ್ಣ ಕಿಂಡಿಯು ಕೆಸರಿನಿಂದ ಮುಚ್ಚಿದ್ದರೆ, ಸೀಲುಗಳ ಸಂದಿನಿಂದ ನೀರೇ ಒಳಹೊಗುವುದು. ಆದುದರಿಂದ ಆ ಕಿಂಡಿಯನ್ನು ಆಗಾಗ್ಗೆ ಬಿಚ್ಚಿ ಶುದ್ಧಮಾಡಬೇಕು. ಎಣ್ಣೆ ಹಾಕುವ ಬಿರಡೆಯನ್ನು ತೆಗೆದು ಬೆರಳನ್ನು ಅದ್ದಿ ನೋಡಿದಾಗ, ಎಣ್ಣೆಯು ಹಾಲು ಬೆರೆತ ಚಹದಂತೆ ಕಂಡರೆ ನೀರು ಸೇರಿದೆಯೆಂದು ತಿಳಿಯಬೇಕು. ಆಗ ಕೆಳಗಿನ ಬಿರಡೆಯಿಂದ ಎಣ್ಣೆಯನ್ನೆಲ್ಲ ಇಳಿಸಿ, ತಯಾರಕರು ಹೇಳಿದ ದರ್ಜೆಯ ಹೊಸ ಎಣ್ಣೆಯನ್ನು ತುಂಬತಕ್ಕದ್ದು. ಮೇಲಿನ ಬಿರಡೆಯು ಬಿಚ್ಚಿಬರುವುದೆಂದು ಖಚಿತಮಾಡಿಕೊಂಡ ನಂತರವೇ ಕೆಳಗಿನದನ್ನು ಬಿಚ್ಚಬೇಕು. ಇಲ್ಲವಾದರೆ ಬರಿದಾದ ಆಕ್ಸಲನ್ನು ತುಂಬುವ ದಾರಿಯೇ ಇಲ್ಲದಂತಾಗುವುದು. ಇಳಿಸಿದ ಎಣ್ಣೆಯನ್ನು ತೋಟಕ್ಕಾಗಲಿ ಹಳ್ಳಕ್ಕಾಗಲಿ ಚೆಲ್ಲಬಾರದು. ನಮ್ಮ ಹಳ್ಳಗಳು ಸೇರುವ ತುಂಗೆ ಭದ್ರೆಯರ ನೀರನ್ನು ಕುಡಿಯುವವರು ಬಹುಮಂದಿ.

ಎರಡನೆಯದು ಗ್ರೀಸು. ಪ್ರೊಪೆಲ್ಲರ್ ಷಾಫ್ಟಿನ ಕೀಲುಗಳಿಗೂ ಸ್ಪ್ರಿಂಗುಪಟ್ಟಿಗಳ ತುದಿಗಳಿಗೂ ಗ್ರೀಸು ತುಂಬುವ ಮೊಲೆಗಳಿರುವುವು. ಮೊದಲು ಅವುಗಳ ಕೆಸರನ್ನು ಒರೆಸಿ, ನೀರು ಬೆರೆತ ಹಳೆಯ ಗ್ರೀಸು ಹೊರಬಂದು ಹೊಸತು ಕಾಣಿಸುವವರೆಗೆ ಒತ್ತಬೇಕು. ಮಳೆಗಾಲದಲ್ಲಿ ಹಳ್ಳ ದಾಟುವ ಜೀಪುಗಳಿಗೆ ಈ ಕೆಲಸವು ಪದೇಪದೇ ಆಗಬೇಕು.

ಮೂರನೆಯದು ವಾಹನದ ತಳದ ತಗಡು. ಅಡಕೆಯ ಕೊಳೆರೋಗಕ್ಕೆ ೧೦೦ ಲೀಟರು ನೀರಿಗೆ ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣದಂತೆ ಬೋರ್ಡೋ ದ್ರಾವಣವನ್ನು ಮಾಡಿ, ಹೊಳೆಯುವ ಕತ್ತಿಯನ್ನು ಅದ್ದಿ ಪರೀಕ್ಷಿಸುವ ಪದ್ಧತಿಯನ್ನು ಬೆಳೆಗಾರರು ಬಲ್ಲರು. ಸುಣ್ಣವು ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಲೇಪವು ಕೂಡುವುದಷ್ಟೆ. ಆ ತಾಮ್ರವು ಕೂಡುವಾಗ ಕಬ್ಬಿಣವು ಕರಗಿಹೋಗುವುದು. ಜೀಪಿನಲ್ಲಿ ಸಾಗಿಸುವಾಗ ಚೆಲ್ಲಿದ ಮೈಲುತುತ್ತವು ತಗಡನ್ನು ತಿನ್ನುವುದೂ ಇದೇ ರೀತಿಯಾಗಿ. ಆದುದರಿಂದ ಅದನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಸಾಗಿಸಿ, ಅದೇ ದಿನ ತಳವನ್ನು ತೊಳೆಯಬೇಕು. ತುಕ್ಕು ಕಂಡಲ್ಲಿ ತಂತಿಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಪ್ರೈಮರನ್ನೂ ಬಣ್ಣವನ್ನೂ ಬಳಿಯಬೇಕು. ನೀರು ಹರಿದುಹೋಗುವ ತೂತುಗಳನ್ನು ಕೆಸರು ಕಟ್ಟದಂತೆ ಬಿಡಿಸಿಡಬೇಕು.

ಇನ್ನು ಬ್ರೇಕಿನ ವಿಚಾರ. ಹಳ್ಳ ದಾಟಿದ ಮೇಲೆ ಡ್ರಮ್ಮುಗಳೊಳಗೆ ನೀರು ಉಳಿದು ಹಿಡಿತವು ಕಡಮೆಯಾಗುವುದು. ಇಳಿಜಾರಿಗೆ ಹೋಗುವ ಮೊದಲೇ ಸಮದಾರಿಯಲ್ಲಿ ನಿಧಾನವಾಗಿ ನಡೆಸುತ್ತ, ಪೆಡಲನ್ನು ಹಗುರವಾಗಿ ಒತ್ತಿ ಅವುಗಳನ್ನು ಒಣಗಿಸಿಕೊಳ್ಳಬೇಕು. ಬ್ರೇಕಿನ ದ್ರವವು ಗಾಳಿಯ ತೇವವನ್ನು ಹೀರುವ ಸ್ವಭಾವದ್ದು, ಡಬ್ಬವನ್ನು ತೆರೆದಿಡಬಾರದು. ಆದರೆ ದ್ರವದ ಮಟ್ಟವನ್ನು ನೋಡುವುದಕ್ಕಿಂತ ಮುಂದೆ ಮನೆಯ ದುರಸ್ತಿಯು ಹೋಗತಕ್ಕದ್ದಲ್ಲ. ಮಟ್ಟವು ಇಳಿಯುತ್ತಿದ್ದರೆ, ಪೆಡಲು ಮೆತ್ತಗಾದರೆ, ವಾಹನವು ಒಂದು ಪಕ್ಕಕ್ಕೆ ಎಳೆದರೆ, ಇಲ್ಲವೆ ಸ್ಟಿಯರಿಂಗು ಸಡಿಲವಾದರೆ, ನುರಿತ ಮೆಕ್ಯಾನಿಕನನ್ನು ಕರೆಸಿ ಸರಿಪಡಿಸಿಕೊಳ್ಳುವವರೆಗೆ ಆ ಜೀಪಿಗೆ ಆಳುಗಳನ್ನಾಗಲಿ ಮಕ್ಕಳನ್ನಾಗಲಿ ಹತ್ತಿಸಕೂಡದು. ಎಂಜಿನು ನಿಂತರೆ ಒಂದು ದಿನದ ಕೆಲಸ ಕೆಡುವುದು. ಘಟ್ಟದ ಇಳಿಜಾರಿನಲ್ಲಿ ಬ್ರೇಕು ತಪ್ಪಿದರೆ ಪ್ರಾಣಗಳೇ ಹೋಗುವುವು.

ಎಣ್ಣೆ ಬದಲಿಸಿದ ಮತ್ತು ಗ್ರೀಸು ಹಾಕಿದ ದಿನಗಳನ್ನು ತೋಟದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡುವುದು ಒಳ್ಳೆಯದು. ಮುಂಗಾರಿಗೆ ಮೊದಲೊಮ್ಮೆ, ಮಳೆ ನಿಂತ ಬಳಿಕ ಇನ್ನೊಮ್ಮೆ ಇವೆಲ್ಲವನ್ನೂ ಕ್ರಮವಾಗಿ ನೋಡಿಕೊಂಡರೆ, ಅಡಕೆಯ ಕೊಯಿಲಿನ ಕಾಲಕ್ಕೆ ವಾಹನವು ಕೈಕೊಡದೆ ನಡೆಯುವುದು.